ಬಿದ್ದ ಗೋಡೆಗಳ ಭೂಪಟ

ಹೊಳೆಯ ನೀರು ಇಳಿದು, ಗುಡಿಯ ಜಗಲಿಯಲ್ಲಿ ಆಶ್ರಯ ಪಡೆದಿದ್ದ ಜನರು ಕೆಸರು ತುಂಬಿದ ತಮ್ಮ ಮನೆಗಳಿಗೆ ಹಿಂದಿರುಗುವ ಹೊತ್ತಿಗೆ, ನಮ್ಮ ನಾಡಿನ ಹಳ್ಳಿಗಳಲ್ಲಿ ಸರ್ಕಾರದ ಪರವಾಗಿ ಲೆಕ್ಕ ಬರೆಯಲು ಬರುತ್ತಿದ್ದವನು ಶಾನುಭೋಗನು. ಯಾವ ಗೋಡೆ ಬಿದ್ದಿತು, ಯಾವ ಸೂರು ಕುಸಿಯಿತು, ಎಷ್ಟು ದನಗಳು ತೇಲಿಹೋದುವು, ಕಣಜದಲ್ಲಿದ್ದ ಧಾನ್ಯವೆಷ್ಟು ನೆನೆಯಿತು ಎಂಬುದನ್ನು ನಿಂತ ಸ್ಥಳದಲ್ಲಿಯೇ ಬರೆದು, ಚೆಕ್ಕುಬಂದಿಯನ್ನು ನಮೂದಿಸಿ, ಊರಿನ ಪಂಚರಿಂದ ರುಜು ಹಾಕಿಸಿದರೆ ಅದು ಮಹಜರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ ಶಾನುಭೋಗನ ಸ್ಥಾನಕ್ಕೆ ಗ್ರಾಮಲೆಕ್ಕಿಗನು ಬಂದನು; ಈಚೆಗೆ ಆತನ ಕೈಗೆ, ತೆಗೆದ ಚಿತ್ರದೊಡನೆ ನಿಂತ ನೆಲದ ಅಕ್ಷಾಂಶ ರೇಖಾಂಶಗಳನ್ನೂ ದಾಖಲಿಸಬಲ್ಲ ಮೊಬೈಲು ಬಂದಿದೆ. ಈ ಮೊಬೈಲನ್ನು ನೋಡಿ, ವಿಪತ್ತಿನ ಹಾನಿಯನ್ನು ಭೂಪಟದ ಮೇಲೆ ಗುರುತಿಸುವ ಕಾರ್ಯವೇ ಹೊಸದೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಎರಡೂವರೆ ಶತಮಾನಗಳಷ್ಟು ಹಳೆಯದಾದ ಒಂದು ಕಸಬು. ಆ ಕಸಬಿನ ಚರಿತ್ರೆಯನ್ನು ಸಾವಧಾನದಿಂದ ನೋಡಿದರೆ, ಉಪಕರಣಗಳು ಎಷ್ಟು ಬಾರಿ ಬದಲಾದರೂ, ಬಿದ್ದ ಮನೆಯ ಹೊಸ್ತಿಲವರೆಗೆ ಯಾರು ನಡೆದುಹೋದರು, ಹೋಗಿ ಏನನ್ನು ಕೇಳಿದರು ಎಂಬುದರ ಮೇಲೆಯೇ ಅದರ ಸತ್ಯಾಸತ್ಯತೆಯು ನಿಂತಿರುವುದು ಗೋಚರಿಸುತ್ತದೆ.

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಪೂಜೆಗಾಗಿ ಜನರು ಇಗರ್ಜಿಗಳಲ್ಲಿ ನೆರೆದಿದ್ದ ವೇಳೆಯಲ್ಲಿ, ಪೋರ್ಚುಗಲ್ಲಿನ ರಾಜಧಾನಿಯಾದ ಲಿಸ್ಬನ್ ನಗರವು ಮೊದಲು ಭೂಕಂಪದಿಂದಲೂ, ಬಳಿಕ ಸಮುದ್ರದ ಮಹಾತರಂಗಗಳಿಂದಲೂ, ಕೊನೆಗೆ ದಿನಗಟ್ಟಲೆ ಉರಿದ ಬೆಂಕಿಯಿಂದಲೂ ಹಾಳಾಯಿತು. ಇದು ದೈವಕೋಪವೋ ಪ್ರಕೃತಿಯ ನಿಯಮವೋ ಎಂದು ಯೂರೋಪಿನ ಪಂಡಿತರೆಲ್ಲ ವಾದಿಸುತ್ತಿರುವಾಗ, ಮುಂದೆ ಪೊಂಬಾಲ್ ಮಾರ್ಕ್ವಿಸ್ ಎಂದು ಪ್ರಸಿದ್ಧನಾದ ಮಂತ್ರಿಯ ಆಡಳಿತವು ಬೇರೊಂದು ಮಾರ್ಗವನ್ನು ಹಿಡಿಯಿತು: ರಾಜ್ಯದ ಪ್ರತಿಯೊಂದು ಪಾದ್ರಿವಲಯಕ್ಕೂ ಒಂದು ಪ್ರಶ್ನಾವಳಿಯನ್ನು ಕಳುಹಿಸಿ, ಕಂಪನವು ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಕಾಲ ನಡೆಯಿತು, ಎಷ್ಟು ಮನೆಗಳು ಬಿದ್ದುವು, ಎಷ್ಟು ಜನ ಸತ್ತರು, ಸಮುದ್ರವು ಮೊದಲು ಹಿಂದೆ ಸರಿಯಿತೋ ಮೇಲೇರಿತೋ, ನೆಲದಲ್ಲಿ ಬಿರುಕು ಬಿಟ್ಟಿತೋ ಎಂಬುದಕ್ಕೆ ಉತ್ತರ ಬರೆದು ಕಳುಹಿಸಬೇಕೆಂದು ವಿಧಿಸಿತು. ಪಾದ್ರಿಗಳು ಬರೆದ ಉತ್ತರಗಳಲ್ಲಿ ಬಹುಭಾಗವು ಲಿಸ್ಬನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಉಳಿದುಬಂದಿದ್ದು, ಇಂದಿನ ಭೂಕಂಪಶಾಸ್ತ್ರಜ್ಞರು ಅವುಗಳಿಂದಲೇ ಆ ದಿನದ ಕಂಪನದ ಬಲವನ್ನು ಊರೂರಿಗೆ ಬಿಡಿಸಿ ಗುರುತಿಸಿದ್ದಾರೆ. ಒಂದೇ ಪ್ರಶ್ನೆಯನ್ನು ಎಲ್ಲ ಊರುಗಳಿಗೂ ಒಂದೇ ಮಾತಿನಲ್ಲಿ ಕೇಳಿದರೆ ಮಾತ್ರ ಬಂದ ಉತ್ತರಗಳನ್ನು ಪರಸ್ಪರ ತಾಳೆನೋಡಲು ಸಾಧ್ಯವೆಂಬ ತತ್ತ್ವವನ್ನು ಆ ಆಡಳಿತವು ಆಗಲೇ ಗ್ರಹಿಸಿತ್ತು. ಇಂದು ಮೊಬೈಲಿನ ಪರದೆಯ ಮೇಲೆ ಕಾಣುವ ನಮೂನೆಗಳಿಗೆಲ್ಲ ಆ ಪ್ರಶ್ನಾವಳಿಯೇ ಮೂಲಪುರುಷನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮುಂದಿನ ದೊಡ್ಡ ಹೆಜ್ಜೆಯನ್ನಿಟ್ಟವನು ಡಬ್ಲಿನ್ನಿನ ಎಂಜಿನಿಯರನಾದ ರಾಬರ್ಟ್ ಮ್ಯಾಲೆಟ್. 1857ರ ಡಿಸೆಂಬರ್ 16ರ ರಾತ್ರಿ ಇಟಲಿಯ ದಕ್ಷಿಣದಲ್ಲಿ, ನೇಪಲ್ಸ್ ರಾಜ್ಯದ ಬಸಿಲಿಕಾಟ ಪ್ರಾಂತದ ಬೆಟ್ಟದ ಊರುಗಳನ್ನು ನೆಲಸಮಗೊಳಿಸಿದ ಭೂಕಂಪದ ವಾರ್ತೆಯು ಲಂಡನ್ನಿಗೆ ಮುಟ್ಟಿದೊಡನೆ, ಆತನು ರಾಯಲ್ ಸೊಸೈಟಿಗೆ ಅರ್ಜಿ ಹಾಕಿ, 150 ಪೌಂಡುಗಳ ಧನಸಹಾಯ ಪಡೆದು, ಫೆಬ್ರವರಿಯ ಚಳಿಯಲ್ಲಿ ಆ ಪ್ರಾಂತಕ್ಕೆ ಹೊರಟನು. ಅವಶೇಷಗಳ ನಡುವೆ ನಿಂತು ಮರುಗುವ ಪ್ರವಾಸಿಗರನ್ನು ಆ ಊರುಗಳು ಮೊದಲೇ ಕಂಡಿದ್ದುವು. ಆದರೆ ಬಿರುಕುಬಿಟ್ಟ ಗೋಡೆಯೊಂದರ ಮುಂದೆ ದಿಕ್ಸೂಚಿಯನ್ನು ಹಿಡಿದು, ಆ ಬಿರುಕು ಯಾವ ದಿಕ್ಕಿಗೆ ಎಷ್ಟು ಓರೆಯಾಗಿ ಸೀಳಿದೆಯೆಂದು ಅಳೆದು ಬರೆದುಕೊಳ್ಳುವ ಮನುಷ್ಯನನ್ನು ಅವು ಕಂಡಿರಲಾರವು. ಕಂಪನದ ಅಲೆಯು ಬಂದ ದಿಕ್ಕನ್ನು ಬಿರುಕು ಹೇಳುತ್ತದೆ, ಉರುಳಿದ ಕಂಬವು ಬಿದ್ದ ರೀತಿಯು ಅದರ ವೇಗವನ್ನು ಸೂಚಿಸುತ್ತದೆ ಎಂಬುದು ಮ್ಯಾಲೆಟ್ಟನ ನಂಬಿಕೆ. ಊರಿಂದೂರಿಗೆ ಹೀಗೆ ಅಳೆದ ದಿಕ್ಕುಗಳನ್ನೆಲ್ಲ ಭೂಪಟದ ಮೇಲೆ ರೇಖೆಗಳಾಗಿ ಎಳೆದು, ಅವು ಸಂಧಿಸುವ ನೆಲೆಯಿಂದ ಕಂಪನದ ಮೂಲಸ್ಥಾನವನ್ನೂ, ಅದು ಭೂಮಿಯ ಮೇಲ್ಮೈಯಿಂದ ಸುಮಾರು ಹತ್ತು ಹನ್ನೊಂದು ಕಿಲೋಮೀಟರು ಆಳದಲ್ಲಿತ್ತೆಂಬುದನ್ನೂ ಆತನು ಲೆಕ್ಕ ಹಾಕಿದನು. ಆತನ ರೀತಿಯಲ್ಲಿ ಅನೇಕ ದೋಷಗಳಿದ್ದುವೆಂದು ಮುಂದಿನವರು ತೋರಿಸಿಕೊಟ್ಟಿದ್ದಾರೆ. ಅದು ಶಾಸ್ತ್ರದ ಸಹಜ ಗತಿ. ಆದರೆ 1862ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಆತನ ವರದಿಯೊಡನಿದ್ದ ಭೂಪಟವು ಈ ಕಸಬಿನ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಊರುಗಳು ಪೂರ್ತಿ ನೆಲಸಮವಾದ ವಲಯ, ಬಹುಭಾಗ ಬಿದ್ದು ಸಾವುನೋವುಗಳಾದ ವಲಯ, ಕಟ್ಟಡಗಳು ಅಲ್ಪಸ್ವಲ್ಪ ಕೆಟ್ಟು ಜೀವಹಾನಿಯಾಗದ ವಲಯ, ಕಂಪನವು ಅನುಭವಕ್ಕೆ ಬಂದರೂ ಹಾನಿಯಾಗದ ವಲಯ ಎಂದು ನಾಲ್ಕು ಆವರಣಗಳನ್ನು ಆತನು ಅದರಲ್ಲಿ ಎಳೆದನು. ಕ್ಯಾಮೆರಾ ಇನ್ನೂ ಶೈಶವದಲ್ಲಿದ್ದ ಆ ಕಾಲದಲ್ಲಿಯೇ ಅಲ್ಫೋನ್ಸ್ ಬರ್ನೂ ಎಂಬ ಛಾಯಾಗ್ರಾಹಕನ ಚಿತ್ರಗಳನ್ನು ತನ್ನ ಬರವಣಿಗೆಗೆ ಸಾಕ್ಷಿಯಾಗಿ ಜೋಡಿಸಿದುದೂ ಗಮನಾರ್ಹ. ಸ್ಥಳ, ಶ್ರೇಣಿ, ಚಿತ್ರ ಎಂಬ ಮೂರೂ ಒಂದೇ ದಾಖಲೆಯಲ್ಲಿ ಕೂಡಿಬಂದುದು ಅಲ್ಲಿಯೇ. ಒರಟು ಕಲ್ಲುಗಳನ್ನು ದುರ್ಬಲವಾದ ಗಾರೆಯಿಂದ ಜೋಡಿಸಿದ ದಪ್ಪ ಗೋಡೆಗಳೂ, ಅವುಗಳ ಮೇಲೆ ಹೊರಿಸಿದ ಭಾರವಾದ ಮಹಡಿಗಳೂ ಬಡವರ ಪಾಲಿಗೆ ಮೃತ್ಯುವಾದುವೆಂದು ಆತನು ಬರೆದುದನ್ನು ಇಲ್ಲಿ ಜ್ಞಾಪಕದಲ್ಲಿಡಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದ ಕೀರ್ತಿಯು 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸಲ್ಲಬೇಕು. 1897ರ ಜೂನ್ 12ರ ಸಂಜೆ ಅಸ್ಸಾಮನ್ನು ನಡುಗಿಸಿ, ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳನ್ನೆಲ್ಲ ನೆಲಕ್ಕೊರಗಿಸಿದ ಮಹಾಕಂಪವನ್ನು ಕುರಿತು ಆರ್. ಡಿ. ಓಲ್ಡ್‌ಹ್ಯಾಮ್ ಬರೆದ ವರದಿಯೂ, 1905ರ ಏಪ್ರಿಲ್ 4ರಂದು ಸುಮಾರು ಇಪ್ಪತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ಕಾಂಗ್ರಾ ಭೂಕಂಪವನ್ನು ಕುರಿತು ಸಿ. ಎಸ್. ಮಿಡಲ್‌ಮಿಸ್ ಬರೆದ ವರದಿಯೂ ಲೋಕವಿಖ್ಯಾತವಾಗಿವೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು 1934ರ ಬಿಹಾರ ನೇಪಾಳ ಭೂಕಂಪದ ಸರ್ವೇಕ್ಷಣೆ. ಆ ವರ್ಷದ ಜನವರಿ 15ರ ಮಧ್ಯಾಹ್ನ, ಮಾಘಮಾಸದ ಚಳಿಯಲ್ಲಿ ಜನರು ಬಿಸಿಲಿಗಾಗಿ ಮನೆಯಿಂದ ಹೊರಗಿದ್ದ ವೇಳೆಯಲ್ಲಿ ನೆಲವು ಕಂಪಿಸಿತು. ಆದರೂ ಬಿಹಾರದಲ್ಲಿ ಏಳು ಸಾವಿರಕ್ಕೂ ಮಿಕ್ಕ ಜನರು ಮಡಿದರು. ಮುಂಗೇರದ ಪೇಟೆ ನೆಲಸಮವಾಯಿತು. ರೈಲುಹಳಿಗಳು ತಿರುಚಿಹೋದುವು, ಸೇತುವೆಗಳು ಮುರಿದುವು. ನೆಲದ ಬಿರುಕುಗಳಿಂದ ಚಿಮ್ಮಿದ ಮರಳು ಹೊಲಗಳನ್ನು ಆವರಿಸಿ ಬಾವಿಗಳನ್ನು ಮುಚ್ಚಿತು. ಸಕ್ಕರೆಯ ಗಿರಣಿಗಳು ಕೆಟ್ಟುಹೋದುದರಿಂದ ಕಟಾವಿಗೆ ಬಂದಿದ್ದ ಕಬ್ಬು ಹೊಲದಲ್ಲಿಯೇ ನಿಂತಿತು. ಸೆರೆಮನೆಯಿಂದ ಹೊರಬಂದ ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿಯನ್ನು ಕಟ್ಟಿ ಜನರ ಕಣ್ಣೀರನ್ನು ಒರೆಸುತ್ತಿದ್ದ ದಿನಗಳಲ್ಲಿ, ಡನ್, ಆಡನ್, ಘೋಷ್, ರಾಯ್ ಮೊದಲಾದ ಭೂವಿಜ್ಞಾನಿಗಳು ಜಿಲ್ಲೆಗಳನ್ನು ಹಂಚಿಕೊಂಡು ಊರೂರು ತಿರುಗಿದರು. ಇವರಲ್ಲಿ ಜಾನ್ ಬಿಕ್ನೆಲ್ ಆಡನ್ ಎಂಬಾತನು ಇಂಗ್ಲಿಷಿನ ಪ್ರಸಿದ್ಧ ಕವಿಯಾದ ಆಡನ್ನನ ಅಣ್ಣನು; ನೇಪಾಳದ ಒಳನಾಡಿಗೂ ಹೋಗಿ ಅಲ್ಲಿಯ ಹಾನಿಯನ್ನು ಕಂಡು ಬಂದವನು.

ಈ ಭೂವಿಜ್ಞಾನಿಗಳು ಕಂಡುಹಿಡಿದ ಒಂದು ಸಂಗತಿಯು ಕಾಲ್ನಡಿಗೆಯಿಂದಲ್ಲದೆ ಬೇರೆ ಯಾವ ಮಾರ್ಗದಿಂದಲೂ ಆ ಕಾಲದಲ್ಲಿ ಸಿಕ್ಕುತ್ತಿರಲಿಲ್ಲ. ಮೋತಿಹಾರಿಯ ಕಡೆಯಿಂದ ಸೀತಾಮಢಿ ಮಧುಬನಿಗಳ ಮೂಲಕ ಪೂರ್ವಕ್ಕೆ ಹಬ್ಬಿದ ಸುಮಾರು ಮುನ್ನೂರು ಕಿಲೋಮೀಟರು ಉದ್ದದ ಒಂದು ಪಟ್ಟಿಯಲ್ಲಿ, ಮನೆಗಳು ಕಂಪನದ ಹೊಡೆತಕ್ಕೆ ಸಿಕ್ಕಿ ಚೂರಾಗಿರಲಿಲ್ಲ. ಕಾಲಡಿಯ ನೆಲವೇ ನೀರಿನಂತಾದುದರಿಂದ ಒಂದೆಡೆಗೆ ವಾಲಿ, ಒಳಕ್ಕಿಳಿದು, ಹೂತುಹೋಗಿದ್ದುವು. ಅತ್ತ ಮುಂಗೇರದಲ್ಲಿಯೂ ಕಠ್ಮಂಡುವಿನ ಕಣಿವೆಯಲ್ಲಿಯೂ ಗೋಡೆಗಳು ಅಲುಗಾಡಿ ಒಡೆದು ಬಿದ್ದಿದ್ದುವು. ಎರಡು ಕಡೆಗಳಲ್ಲಿಯೂ ಮನೆ ಹೋದುದು ನಿಜ. ಆದರೆ ಹೋದ ಬಗೆ ಬೇರೆ, ಮತ್ತೆ ಕಟ್ಟಬೇಕಾದ ಬಗೆಯೂ ಬೇರೆ. ಬರಿಯ ಸಂಖ್ಯೆಯಲ್ಲಿ, ಇಷ್ಟು ಮನೆ ನಷ್ಟವೆಂಬ ಪಟ್ಟಿಯಲ್ಲಿ, ಈ ಭೇದವು ಅಳಿಸಿಹೋಗುತ್ತದೆ. 1939ರಲ್ಲಿ ಪ್ರಕಟವಾದ ಅವರ ವರದಿಯು ಈ ಭೇದವನ್ನು ಉಳಿಸಿಕೊಂಡಿತು. ಕುಸಿದ ನೆಲದ ಪಟ್ಟಿಯನ್ನು ಪ್ರತ್ಯೇಕವಾಗಿ ಗುರುತಿಸಿದ ಅದರ ಭೂಪಟವನ್ನು ಎಂಬತ್ತು ವರ್ಷಗಳ ಮೇಲೆಯೂ ವಿಜ್ಞಾನಿಗಳು ತೆರೆದು ನೋಡುತ್ತಿರುವುದಕ್ಕೆ ಅದೇ ಕಾರಣ.

ಗಡಿಯ ಆಚೆ ನೇಪಾಳದಲ್ಲಿ ಇದೇ ಭೂಕಂಪದ ಲೆಕ್ಕವನ್ನು ಬರೆದವನು ರಾಣಾ ಮನೆತನದ ಸೇನಾಧಿಕಾರಿಯಾದ ಬ್ರಹ್ಮ ಶಂಶೇರ್. ವಿಕ್ರಮಶಕೆ 1990ರ ಮಹಾಭೂಕಂಪವನ್ನು ಕುರಿತ ಆತನ ನೇಪಾಳಿ ಗ್ರಂಥದಲ್ಲಿ ಸತ್ತವರ ಮತ್ತು ಬಿದ್ದ ಮನೆಗಳ ಪಟ್ಟಿಗಳಿವೆ: ಮಡಿದವರು 8,519 ಜನ, ಹಾನಿಗೊಂಡ ಮನೆಗಳು ಎರಡು ಲಕ್ಷಕ್ಕೂ ಮೇಲೆ. ಬೆಟ್ಟದ ದೇಶದಲ್ಲಿ, ರಸ್ತೆಯೇ ಇಲ್ಲದ ಕಾಲದಲ್ಲಿ, ಇಷ್ಟನ್ನು ಸಂಗ್ರಹಿಸಿದುದೇ ಒಂದು ಸಾಧನೆ. ಎಂಬತ್ತೊಂದು ವರ್ಷಗಳ ಬಳಿಕ ಅದೇ ಬೆಟ್ಟಗಳು ಮತ್ತೆ ನಡುಗಿದಾಗ ಈ ಗ್ರಂಥವೂ ಜನರ ನೆನಪಿಗೆ ಬಂದಿತು.

ಪ್ರಕೃತಿಯು ತಂದೊಡ್ಡಿದ ವಿಪತ್ತಿನಿಂದ ಮನುಷ್ಯನೇ ತಂದುಕೊಂಡ ವಿಪತ್ತಿನ ಕಡೆಗೆ ಒಂದು ಕ್ಷಣ ತಿರುಗಬೇಕಾಗಿದೆ. ಏಕೆಂದರೆ ಮನೆಮನೆಯ ಹಾನಿಯನ್ನು ಬಣ್ಣಗಳಲ್ಲಿ ಬರೆಯುವ ಪದ್ಧತಿಯು ಪೂರ್ಣತೆಗೆ ಬಂದುದು ಎರಡನೆಯ ಮಹಾಯುದ್ಧದ ಲಂಡನ್ನಿನಲ್ಲಿ. 1940ರ ಶರತ್ಕಾಲದಿಂದ ಜರ್ಮನಿಯ ವಿಮಾನಗಳು ರಾತ್ರಿಯ ಮೇಲೆ ರಾತ್ರಿ ಬಾಂಬುಗಳನ್ನು ಸುರಿಸುತ್ತಿದ್ದಾಗ, ಲಂಡನ್ ಕೌಂಟಿ ಕೌನ್ಸಿಲಿನ ವಾಸ್ತುಶಿಲ್ಪ ವಿಭಾಗದವರು ಒಂದು ಮೈಲಿಗೆ ಇಪ್ಪತ್ತೈದು ಅಂಗುಲಗಳ ಪ್ರಮಾಣದ ಸರ್ವೇ ಪಟಗಳನ್ನು ಹರಡಿಕೊಂಡು, ಪ್ರತಿಯೊಂದು ಕಟ್ಟಡದ ಮೇಲೂ ಕೈಯಿಂದ ಬಣ್ಣ ಹಚ್ಚತೊಡಗಿದರು. ಸಂಪೂರ್ಣವಾಗಿ ನಾಶವಾದುದಕ್ಕೆ ಕಪ್ಪು. ದುರಸ್ತಿಗೆ ಮೀರಿ ಕೆಟ್ಟುದಕ್ಕೆ ನೇರಳೆ. ಬಹಳ ಕೆಟ್ಟು, ದುರಸ್ತಿಯು ಸಾಧ್ಯವೋ ಅಲ್ಲವೋ ಎಂಬ ಸಂದೇಹವಿರುವುದಕ್ಕೆ ಕಡುಗೆಂಪು. ಬಹಳ ಕೆಟ್ಟಿದ್ದರೂ ವೆಚ್ಚ ಮಾಡಿದರೆ ನೆಟ್ಟಗಾಗುವುದಕ್ಕೆ ತಿಳಿಗೆಂಪು. ಕಟ್ಟಡದ ಚೌಕಟ್ಟು ಉಳಿದು ಸ್ಫೋಟದ ಗಾಳಿಗೆ ನೊಂದುದಕ್ಕೆ ಕಿತ್ತಳೆ. ಕಿಟಕಿ ಹೆಂಚುಗಳಷ್ಟೇ ಹೋದ ಅಲ್ಪ ಹಾನಿಗೆ ಹಳದಿ. ಯುದ್ಧದ ಕೊನೆಯ ವರ್ಷಗಳಲ್ಲಿ ಬಂದ ಹಾರುವ ಬಾಂಬುಗಳೂ ರಾಕೆಟ್ಟುಗಳೂ ಬಿದ್ದ ತಾಣಗಳನ್ನು ವರ್ತುಲಗಳಿಂದ ಗುರುತಿಸಿದರು. ನೂರಕ್ಕೂ ಮಿಕ್ಕ ಆ ಹಾಳೆಗಳು ಇಂದಿಗೂ ಲಂಡನ್ನಿನ ದಾಖಲೆಗಳ ಭಂಡಾರದಲ್ಲಿ ಉಳಿದಿವೆ. ನೀರುಬಣ್ಣದ ಅಂದವನ್ನೇ ನೋಡಿದರೆ ಅವು ಕಲಾಕೃತಿಗಳಂತೆ ಕಾಣುವುವು; ಆದರೆ ಬಂದರಿನ ಸುತ್ತಲಿನ ಕೂಲಿಕಾರರ ಬೀದಿಗಳಲ್ಲಿ ಒತ್ತಾಗಿ ಕುಳಿತಿರುವ ಕಪ್ಪು ನೇರಳೆಗಳನ್ನು ನೋಡುತ್ತ ಹೋದವರಿಗೆ, ಆ ಒಂದೊಂದು ಚೌಕವೂ ಒಂದೊಂದು ಸಂಸಾರವಾಗಿತ್ತೆಂಬುದು ಮರೆಯುವುದಿಲ್ಲ.

ಇಲ್ಲಿ ಒಂದು ವಿಷಯವು ಸ್ಪಷ್ಟವಾಗುತ್ತದೆ. ಮ್ಯಾಲೆಟ್ಟನ ಭೂಪಟವು ಕೇಳಿದ ಪ್ರಶ್ನೆ, ಭೂಮಿಯು ಎಲ್ಲಿಂದ ನಡುಗಿತು ಎಂಬುದು. ಲಂಡನ್ನಿನ ಭೂಪಟವು ಕೇಳಿದ ಪ್ರಶ್ನೆ, ಈ ಮನೆಯನ್ನು ಉಳಿಸಬಹುದೋ ಕೆಡವಬೇಕೋ ಎಂಬುದು. ಮೊದಲನೆಯದಕ್ಕೆ ಊರಿನ ಸರಾಸರಿ ಸಾಕು. ಎರಡನೆಯದಕ್ಕೆ ಪಕ್ಕದ ಮನೆಯ ಉತ್ತರವೂ ಉಪಯೋಗಕ್ಕೆ ಬಾರದು. ಕ್ಯಾಲಿಫೋರ್ನಿಯಾದ ಎಂಜಿನಿಯರರು ಈ ಎರಡನೆಯ ಪ್ರಶ್ನೆಯನ್ನು ಇನ್ನೂ ಸರಳಗೊಳಿಸಿ, ಭೂಕಂಪವಾದ ಮೇಲೆ ಪ್ರತಿಯೊಂದು ಕಟ್ಟಡದ ಬಾಗಿಲಿಗೂ ಹಸುರು, ಹಳದಿ, ಕೆಂಪು ಚೀಟಿಗಳಲ್ಲಿ ಒಂದನ್ನು ಅಂಟಿಸುವ ಕ್ರಮವನ್ನು 1989ರಲ್ಲಿ ಗ್ರಂಥಸ್ಥಗೊಳಿಸಿದರು; ಅದು ಹೊರಬಂದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 17ರಂದು ಲೋಮಾ ಪ್ರಿಯೆಟಾ ಭೂಕಂಪವು ಸಂಭವಿಸಿ, ಆ ಚೀಟಿಗಳಿಗೆ ಪರೀಕ್ಷೆಯ ಕಾಲವು ಬಂದೇಬಂದಿತು. ನಮ್ಮಲ್ಲಿ 2001ರ ಜನವರಿ 26ರಂದು ಕಚ್ಛದ ಭೂಕಂಪವಾದಾಗ ಗುಜರಾತಿನ ಸರ್ಕಾರವು ಮನೆಗಳನ್ನು ಐದು ಶ್ರೇಣಿಗಳಲ್ಲಿ ವಿಂಗಡಿಸಿ, ಶ್ರೇಣಿಗೆ ತಕ್ಕಂತೆ ಪರಿಹಾರಧನವನ್ನು ನಿಗದಿಮಾಡಿತು. ಆಗ ಶ್ರೇಣಿಯೆಂಬುದು ಅಕ್ಷರವೂ ಅಂಕಿಯೂ ಮಾತ್ರವಾಗಿರದೆ ಹಣವಾಯಿತು. ಹಣವಾದೊಡನೆ ವಿವಾದವೂ ಹುಟ್ಟಿತು. ಕರ್ನಾಟಕದಲ್ಲಿ 2019ರ ಮಳೆಗಾಲದ ಪ್ರವಾಹದ ಅನಂತರ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿದಾಗಲೂ ಇದೇ ನಡೆಯಿತು: ಮಣ್ಣಿನ ಗೋಡೆಯು ನೀರು ಕುಡಿದು ಇಂದು ನಿಂತಿದ್ದರೂ ಮುಂದಿನ ವಾರ ಬೀಳಬಹುದಾದುದರಿಂದ, ಪರಿಶೀಲಕನು ಬಂದ ದಿನವೇ ಮನೆಯ ವರ್ಗವನ್ನೂ ಕುಟುಂಬದ ಭವಿಷ್ಯವನ್ನೂ ನಿರ್ಣಯಿಸುವಂತಾಗುತ್ತಿತ್ತು. ಇದು ಯಾವ ಅಧಿಕಾರಿಯ ದೋಷವೂ ಅಲ್ಲ. ಹಾನಿಯೆಂಬುದು ಒಂದು ಗಳಿಗೆಯಲ್ಲಿ ಮುಗಿಯುವ ಘಟನೆಯಲ್ಲವೆಂಬುದೇ ಇದರ ತಿರುಳು.

ಮೊಬೈಲು ಈ ಕಸಬಿನೊಳಕ್ಕೆ ಬಂದುದು ಹಠಾತ್ತನೆ. 2010ರ ಜನವರಿ 12ರ ಸಾಯಂಕಾಲ ಕೆರಿಬಿಯನ್ ಸಮುದ್ರದ ಹೈಟಿ ದೇಶದ ರಾಜಧಾನಿಯಾದ ಪೋರ್ಟ್ ಓ ಪ್ರಿನ್ಸ್ ನಗರವು ಕುಸಿದು ಲಕ್ಷಕ್ಕೂ ಮಿಕ್ಕ ಜನ ಮಡಿದಾಗ, ಹೊರನಾಡುಗಳಿಂದ ಧಾವಿಸಿಬಂದ ರಕ್ಷಣಾ ದಳದವರಿಗೆ ಆ ನಗರದ ಬೀದಿಗಳ ಸರಿಯಾದ ಭೂಪಟವೊಂದು ಸಿಕ್ಕಲಿಲ್ಲ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಲೋಕಭೂಪಟವನ್ನು 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ್ದನು. ಅದರಲ್ಲಿಯೂ ಆ ನಗರದ ಜಾಗದಲ್ಲಿ ಕೆಲವು ಮುಖ್ಯ ರಸ್ತೆಗಳು ಮಾತ್ರವೇ ಇದ್ದುವು. ಉಪಗ್ರಹಗಳ ಮಾಲಿಕರು ಹೊಸ ಚಿತ್ರಗಳನ್ನು ಒಂದೆರಡು ದಿನಗಳಲ್ಲಿಯೇ ಬಿಟ್ಟುಕೊಟ್ಟರು. ಜಗತ್ತಿನ ನಾನಾ ದೇಶಗಳಲ್ಲಿ ಕುಳಿತ ನೂರಾರು ಸ್ವಯಂಸೇವಕರು ಆ ಚಿತ್ರಗಳನ್ನು ನೋಡಿ ಓಣಿಓಣಿಯನ್ನೂ, ಬಿದ್ದ ಕಟ್ಟಡಗಳನ್ನೂ, ಬಯಲಿನಲ್ಲಿ ಎದ್ದ ಡೇರೆಗಳನ್ನೂ ಗುರುತಿಸಿದರು. ಕೆಲವೇ ದಿನಗಳಲ್ಲಿ ರಕ್ಷಣಾ ದಳದವರು ಆ ಭೂಪಟವನ್ನು ತಮ್ಮ ಕೈಯ ಜಿಪಿಎಸ್ ಉಪಕರಣಗಳಿಗೆ ತುಂಬಿಕೊಂಡು ಬೀದಿಗಿಳಿದರು. ಇನ್ನೊಂದು ಕಡೆ, 4636 ಎಂಬ ಸಂಖ್ಯೆಗೆ ಸಂತ್ರಸ್ತರು ತಮ್ಮ ಕ್ರಿಯೋಲ್ ಭಾಷೆಯಲ್ಲಿ ಕಳುಹಿಸಿದ ಕಿರುಸಂದೇಶಗಳನ್ನು ಪರದೇಶಗಳಲ್ಲಿದ್ದ ಹೈಟಿಯ ಜನರೇ ಓದಿ, ಭಾಷಾಂತರಿಸಿ, ಹೇಳಿದ ಬೀದಿಯನ್ನು ನೆನಪಿನಿಂದ ಗುರುತಿಸಿ ಭೂಪಟದ ಮೇಲೆ ಚುಕ್ಕೆಯಿಡುತ್ತಿದ್ದರು. ಕೀನ್ಯಾದಲ್ಲಿ 2008ರ ಚುನಾವಣೋತ್ತರ ಗಲಭೆಗಳ ಸಮಾಚಾರವನ್ನು ಸಂಗ್ರಹಿಸಲು ಹುಟ್ಟಿದ ಉಷಾಹಿದಿ ಎಂಬ ಸಾಧನವು ಈ ಚುಕ್ಕೆಗಳನ್ನು ಹೊತ್ತಿತು. ಮಡಿಯುತ್ತಿರುವವನು ತಾನಿರುವ ಸ್ಥಳವನ್ನು ತಾನೇ ಭೂಪಟಕ್ಕೆ ತಿಳಿಸುವ ಸಾಧ್ಯತೆಯು ಈ ಕಸಬಿನ ಚರಿತ್ರೆಯಲ್ಲಿ ಅದುವರೆಗೆ ಇರಲಿಲ್ಲ.

ಆದರೆ ಹೈಟಿಯು ಇನ್ನೊಂದು ಪಾಠವನ್ನೂ ಕಲಿಸಿತು. ಆರುನೂರಕ್ಕೂ ಮಿಕ್ಕ ಪರಿಣತರು ವಿಮಾನದಿಂದ ತೆಗೆದ ಸೂಕ್ಷ್ಮ ಚಿತ್ರಗಳನ್ನು ಪರೀಕ್ಷಿಸಿ ಸಹಸ್ರಾರು ನಾಶವಾದ ಕಟ್ಟಡಗಳನ್ನು ಎಣಿಸಿದರು. ಮೇಲಿನಿಂದ ನೋಡುವ ಕಣ್ಣಿಗೆ ಮಾಳಿಗೆ ಮಾತ್ರ ಕಾಣುತ್ತದೆ. ಕೆಳಗಿನ ಅಂತಸ್ತಿನ ಕಂಬಗಳು ಮುರಿದು ಇಡೀ ಮನೆಯು ಕುಳಿತುಬಿಟ್ಟರೂ ಮಾಳಿಗೆಯು ಇಡಿಯಾಗಿ ಉಳಿದಿರಬಹುದು. ಒಳಗೋಡೆಯ ಬಿರುಕಂತೂ ಕಾಣುವ ಮಾತೇ ಇಲ್ಲ. ಆದುದರಿಂದ ಹೈಟಿಯ ಲೋಕೋಪಯೋಗಿ ಸಚಿವಾಲಯವು ಎಂಜಿನಿಯರರನ್ನು ತರಬೇತುಗೊಳಿಸಿ, ಕೈಯಲ್ಲಿ ಹಿಡಿಯುವ ಪುಟ್ಟ ಗಣಕಗಳನ್ನು ಕೊಟ್ಟು, ಸುಮಾರು ನಾಲ್ಕು ಲಕ್ಷ ಕಟ್ಟಡಗಳ ಬಾಗಿಲಿಗೆ ಕಳುಹಿಸಬೇಕಾಯಿತು. ಅವರು ಗೋಡೆಗಳ ಮೇಲೆ ಹಸುರು, ಹಳದಿ, ಕೆಂಪು ಮುದ್ರೆಗಳನ್ನು ಒತ್ತುತ್ತ ಹೋದರು. 2013ರ ನವೆಂಬರ್ 8ರಂದು ಫಿಲಿಪೀನ್ಸಿನ ಟಕ್ಲೋಬಾನ್ ಮೊದಲಾದ ಊರುಗಳನ್ನು ಹೈಯಾನ್ ಚಂಡಮಾರುತವು ಅಪ್ಪಳಿಸಿದಾಗಲೂ ಸ್ವಯಂಸೇವಕರು ಆಕಾಶದ ಚಿತ್ರಗಳಿಂದ ಮನೆಮನೆಯ ಹಾನಿಯನ್ನು ಗುರುತಿಸಿದರು. ಆದರೆ ರೆಡ್ ಕ್ರಾಸಿನವರೂ ಅವರ ಸಹಯೋಗಿಗಳೂ ನೆಲದ ಮೇಲೆ ಹೋಗಿ ತಾಳೆನೋಡಿದಾಗ ಆ ಗುರುತುಗಳಲ್ಲಿ ಬಹಳಷ್ಟು ತಪ್ಪಿದ್ದುವು. ಬೀದಿಗಳನ್ನೂ ಮನೆಗಳ ಆಕಾರಗಳನ್ನೂ ಬರೆದ ಭಾಗವು ಮಾತ್ರ ಅಮೂಲ್ಯವಾಗಿತ್ತು. ದೂರದಲ್ಲಿ ಕುಳಿತವರ ಪರಿಶ್ರಮವನ್ನು ಕಡೆಗಣಿಸಲು ಈ ಮಾತನ್ನು ಹೇಳುತ್ತಿಲ್ಲ. ಯಾವ ಕೆಲಸಕ್ಕೆ ಯಾವ ಕಣ್ಣು ತಕ್ಕುದೆಂಬ ವಿವೇಕವು ಇಂತಹ ತಾಳೆನೋಟದಿಂದಲ್ಲದೆ ಹುಟ್ಟದು.

ನೆಲದ ಮೇಲೆ ಹೋಗುವವರ ಕೈಗೆ ತಕ್ಕ ಸಾಧನಗಳೂ ಇದೇ ಕಾಲದಲ್ಲಿ ಸಿದ್ಧವಾಗುತ್ತಿದ್ದುವು. ಅಮೆರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಗೆಟಾನೊ ಬೊರಿಯೆಲ್ಲೊ ತನ್ನ ಶಿಷ್ಯರೊಡನೆ 2008ರಲ್ಲಿ ಆರಂಭಿಸಿದ ಓಪನ್ ಡೇಟಾ ಕಿಟ್ ಎಂಬ ಉಚಿತ ತಂತ್ರಾಂಶವು ಸಾಮಾನ್ಯವಾದ ಆಂಡ್ರಾಯ್ಡ್ ಫೋನನ್ನು ಸರ್ವೇಕ್ಷಣೆಯ ಪುಸ್ತಕವನ್ನಾಗಿ ಮಾಡಿತು: ಪ್ರಶ್ನೆಗೆ ಉತ್ತರವನ್ನು ಆರಿಸು, ಚಿತ್ರ ತೆಗೆ, ಸ್ಥಾನವನ್ನು ಹಿಡಿ, ನೆಟ್‌ವರ್ಕ್ ಇಲ್ಲದಿದ್ದರೆ ಒಳಗೇ ಉಳಿಸಿಕೊ, ಸಿಕ್ಕಿದಾಗ ಕಳುಹಿಸು. ವಿಪತ್ತಿನಲ್ಲಿ ಗೋಪುರಗಳು ಬಿದ್ದು ಸಂಪರ್ಕವು ಕಡಿದುಹೋಗುವುದೇ ವಾಡಿಕೆಯಾದುದರಿಂದ, ಈ ಉಳಿಸಿಕೊಳ್ಳುವ ಗುಣವು ಉಳಿದೆಲ್ಲ ಚಮತ್ಕಾರಗಳಿಗಿಂತ ಮೇಲಾದುದು. ಭೂಪಟವನ್ನು ಕಾಗದದ ಮೇಲೆ ಅಚ್ಚುಹಾಕಿ, ಬೀದಿಯಲ್ಲಿ ನಡೆಯುತ್ತ ಪೆನ್ನಿನಿಂದ ಗುರುತುಮಾಡಿ, ಅದರ ಚಿತ್ರವನ್ನು ತೆಗೆದು ಮತ್ತೆ ಗಣಕಕ್ಕೆ ಊಡಿಸುವ ಉಪಾಯವನ್ನೂ ಕೆಲವರು ಹುಡುಕಿದರು. ಫೋನಿನ ವಿದ್ಯುತ್ತು ಮುಗಿದಾಗ ಕಾಗದವು ಕೈಬಿಡುವುದಿಲ್ಲ.

ಇವೆಲ್ಲವೂ ಒಂದೆಡೆ ಕೂಡಿದುದು ನೇಪಾಳದಲ್ಲಿ. 2015ರ ಏಪ್ರಿಲ್ 25ರಂದು, ಮಧ್ಯಾಹ್ನಕ್ಕೆ ನಾಲ್ಕು ನಿಮಿಷಗಳಿರುವಾಗ, ಗೋರ್ಖಾ ಜಿಲ್ಲೆಯ ಬಾರ್ಪಾಕಿನ ಬಳಿ ಹುಟ್ಟಿದ ಕಂಪನವು ಸುಮಾರು ಒಂಬತ್ತು ಸಾವಿರ ಜನರನ್ನು ಕೊಂದಿತು. ಹೈಟಿಗೂ ನೇಪಾಳಕ್ಕೂ ಇದ್ದ ಮುಖ್ಯ ಭೇದವೆಂದರೆ, ಇಲ್ಲಿ ಭೂಪಟವು ಭೂಕಂಪಕ್ಕೆ ಮೊದಲೇ ಸಿದ್ಧವಾಗಿದ್ದುದು. ನಾಮರಾಜ ಬುಢಾಥೋಕಿಯವರ ನೇತೃತ್ವದಲ್ಲಿ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸಂಸ್ಥೆಯ ತರುಣತರುಣಿಯರು ಹಿಂದಿನ ಕೆಲವು ವರ್ಷಗಳಲ್ಲಿ ಕಣಿವೆಯ ಬೀದಿಗಳಲ್ಲಿ ತಿರುಗಾಡಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಒಂದೊಂದಾಗಿ ಗುರುತಿಸಿಟ್ಟಿದ್ದರು. ಕಂಪನವಾದ ಮರುದಿನಗಳಲ್ಲಿ ಸಾವಿರಾರು ದೂರದ ಸ್ವಯಂಸೇವಕರು ಬೆಟ್ಟದ ಕಾಲುದಾರಿಗಳನ್ನೂ ಹೆಲಿಕಾಪ್ಟರು ಇಳಿಯಬಹುದಾದ ಬಯಲುಗಳನ್ನೂ ಅದರ ಮೇಲೆ ಸೇರಿಸಿದರು. ಸಂಸ್ಥೆಯವರು ಕ್ವೇಕ್ ಮ್ಯಾಪ್ ಎಂಬ ತಾಣವನ್ನು ತೆರೆದು, ಇಂತಹ ಊರಿಗೆ ಅಕ್ಕಿ ಮುಟ್ಟಿಲ್ಲ, ಇಂತಹ ಕಡೆ ಟಾರ್ಪಾಲು ಬೇಕು ಎಂಬ ಸುದ್ದಿಗಳನ್ನು ಸ್ಥಳಸಮೇತವಾಗಿ ದಾಖಲಿಸಿ ಸೇನೆಗೂ ಪರಿಹಾರ ಸಂಸ್ಥೆಗಳಿಗೂ ಒದಗಿಸಿದರು. ಆಕಾಶದ ಕಣ್ಣಿಗೆ ಇಲ್ಲಿಯೂ ಕಷ್ಟವಾಯಿತು: ಒಂದು ಕಡೆ ಬೆಟ್ಟಗಳ ಮೋಡ, ಇನ್ನೊಂದು ಕಡೆ, ಮಣ್ಣಿನ ಗಾರೆಯ ಕಲ್ಲುಗೋಡೆಗಳು ಕುಸಿದರೂ ಅವುಗಳ ಮೇಲೆ ಹಾಸಿದಂತೆ ಉಳಿದ ತಗಡಿನ ಚಾವಣಿ.

ಪರಿಹಾರದ ಲೆಕ್ಕವು ಮೊದಲು ಹಳೆಯ ರೀತಿಯಲ್ಲಿಯೇ ನಡೆಯಿತು. ಪೂರ್ತಿ ಮನೆ ಹೋದವರಿಗೆ ಕೆಂಪು ಕಾರ್ಡು, ಅರೆಬರೆ ಕೆಟ್ಟವರಿಗೆ ಹಳದಿ ಕಾರ್ಡು. ಕೆಂಪು ಕಾರ್ಡಿನವರಿಗೆ ತಾತ್ಕಾಲಿಕ ಸೂರಿಗಾಗಿ ನೇಪಾಳಿ ರೂಪಾಯಿ ಹದಿನೈದು ಸಾವಿರ. ಅವಸರದಲ್ಲಿ ಹಂಚಿದ ಕಾರ್ಡುಗಳನ್ನು ನಂಬಿ ಮನೆ ಕಟ್ಟಲು ಲಕ್ಷಗಟ್ಟಲೆ ಕೊಡುವುದು ಉಚಿತವಲ್ಲವೆಂದು ಕಂಡುದರಿಂದ, 2015ರ ಕೊನೆಯಲ್ಲಿ ಪುನರ್ನಿರ್ಮಾಣ ಪ್ರಾಧಿಕಾರವು ಸ್ಥಾಪಿತವಾದ ಮೇಲೆ, ದೇಶದ ಕೇಂದ್ರ ಅಂಕಿಅಂಶ ವಿಭಾಗವು ಹೊಸದಾಗಿ ಮನೆಮನೆಯ ಸರ್ವೇಕ್ಷಣೆಯನ್ನು ಕೈಗೊಂಡಿತು. ಸಾವಿರಕ್ಕೂ ಮಿಕ್ಕ ಎಂಜಿನಿಯರರು ಟ್ಯಾಬ್ಲೆಟ್ಟುಗಳನ್ನು ಬೆನ್ನಚೀಲದಲ್ಲಿಟ್ಟುಕೊಂಡು, ದಿನಗಟ್ಟಲೆ ಹತ್ತಿಳಿಯುವ ಹಾದಿಗಳಲ್ಲಿ ನಡೆದು, ಏಳು ಲಕ್ಷಕ್ಕೂ ಮಿಕ್ಕ ಕಟ್ಟಡಗಳ ಮುಂದೆ ನಿಂತರು. ತಳಪಾಯವು ಎಂತಹದು, ಗೋಡೆಯು ಯಾವುದರಿಂದ ಕಟ್ಟಿದುದು, ಎಷ್ಟು ಅಂತಸ್ತು, ಮನೆಗೆ ವಯಸ್ಸೆಷ್ಟು, ಬಿರುಕು ಎಲ್ಲಿದೆ, ಎಷ್ಟು ಆಳ ಎಂಬುದೆಲ್ಲವನ್ನೂ ನಮೂದಿಸಿ, ಚಿತ್ರಗಳನ್ನು ತೆಗೆದು, ಒಂದರಿಂದ ಐದರವರೆಗಿನ ಒಂದು ಶ್ರೇಣಿಯನ್ನು ಕೊಟ್ಟು, ಮನೆಯ ಸ್ಥಾನವನ್ನು ದಾಖಲಿಸಿದರು. ಅರ್ಹರಾದವರಿಗೆ ಮೊದಲು ಎರಡು ಲಕ್ಷ, ಬಳಿಕ ಹೆಚ್ಚಿಸಿ ಮೂರು ಲಕ್ಷ ನೇಪಾಳಿ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವುದೆಂದು ನಿರ್ಧಾರವಾಯಿತು. ಮನೆಯನ್ನು ಉಳಿಸಿ ಬಲಪಡಿಸಬಹುದಾದವರಿಗೆ ಒಂದು ಲಕ್ಷದ ಬೇರೊಂದು ಪಟ್ಟಿಯು ಸಿದ್ಧವಾಯಿತು.

ಪಟ್ಟಿಗಳು ಹೊರಬಿದ್ದ ಮೇಲೆ ತಂಡೋಪತಂಡವಾಗಿ ದೂರುಗಳು ಬಂದುವು. ಸರ್ವೇಕ್ಷಣೆಯ ದಿನ ಬೇರೆ ಊರಿಗೆ ಕೂಲಿಗೆ ಹೋಗಿದ್ದವರು, ಬಿದ್ದ ಮನೆಯನ್ನು ಆಗಲೇ ತೆರವುಮಾಡಿ ಕಲ್ಲನ್ನು ಒಟ್ಟಿದ್ದವರು, ಒಂದೇ ಸೂರಿನಡಿಯಲ್ಲಿ ವಿಭಕ್ತರಾಗಿ ಬೇರೆಬೇರೆ ಒಲೆ ಹೂಡಿದ್ದ ಅಣ್ಣತಮ್ಮಂದಿರು, ಇವರಲ್ಲಿ ಯಾರ ಕಥೆಯೂ ಟ್ಯಾಬ್ಲೆಟ್ಟಿನ ನಮೂನೆಯಲ್ಲಿ ಸರಿಯಾಗಿ ಹಿಡಿಸುವಂತಹದಾಗಿರಲಿಲ್ಲ. ಎಂಜಿನಿಯರರು ಮತ್ತೆ ಬೆಟ್ಟ ಹತ್ತಿದರು. ಮರುಪರಿಶೀಲನೆಯಿಂದ ಸಹಸ್ರಾರು ಹೆಸರುಗಳು ಪಟ್ಟಿಗೆ ಸೇರಿದುವು. ಮೊದಲನೆಯ ಸುತ್ತಿನಲ್ಲಿ ದಾಖಲಾಗಿದ್ದ ಸ್ಥಾನವೂ ಚಿತ್ರವೂ ಇದ್ದುದರಿಂದ ವಾದಿಸುವ ಇಬ್ಬರಿಗೂ ಒಂದೇ ಸಾಕ್ಷಿಯನ್ನು ಮುಂದಿಟ್ಟುಕೊಂಡು ಮಾತನಾಡಲು ಸಾಧ್ಯವಾಯಿತು. ಕೆಂಪು ಕಾರ್ಡಿನ ಕಾಲದಲ್ಲಿ ಆ ಅನುಕೂಲವಿರಲಿಲ್ಲ.

ಜನರ ಹೆಸರುಗಳನ್ನು ತೆಗೆದುಹಾಕಿ ಈ ಮಹಾದಾಖಲೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿರುವುದು ನೇಪಾಳ ಸರ್ಕಾರದ ದೊಡ್ಡಸ್ತಿಕೆ. ಅದನ್ನು ಓದಿದವರಿಗೆ ಕಾಣುವ ಮುಖ್ಯಾಂಶವು ಬಸಿಲಿಕಾಟದ ಬೆಟ್ಟದ ಊರುಗಳಲ್ಲಿ ಮ್ಯಾಲೆಟ್ಟನು ಕಂಡುದೇ ಆಗಿದೆ: ಅತ್ಯಂತ ಕೆಟ್ಟ ಶ್ರೇಣಿಗೆ ಸೇರಿದ ಮನೆಗಳಲ್ಲಿ ಬಹುಪಾಲು, ದುರ್ಬಲವಾದ ಗಾರೆಯಿಂದ ಜೋಡಿಸಿದ ಕಲ್ಲುಗೋಡೆಯವು, ಇಲ್ಲಿ ಆ ಗಾರೆಯೂ ಬರಿಯ ಮಣ್ಣು. ಸಿಮೆಂಟನ್ನು ಬೆನ್ನಮೇಲೆ ಹೊತ್ತು ದಿನಗಟ್ಟಲೆ ನಡೆಯಬೇಕಾದ ಊರುಗಳಲ್ಲಿ ಮಣ್ಣನ್ನು ನಿಷೇಧಿಸಿ ಫಲವಿಲ್ಲವೆಂದು ತಿಳಿದ ಸರ್ಕಾರದ ಕಟ್ಟಡ ಇಲಾಖೆಯು, ಪುನರ್ನಿರ್ಮಾಣಕ್ಕಾಗಿ ಪ್ರಕಟಿಸಿದ ಮಾದರಿಮನೆಗಳ ಪುಸ್ತಕದಲ್ಲಿ ಕಲ್ಲುಮಣ್ಣಿನ ಮನೆಗೂ ಸ್ಥಾನವನ್ನು ಕೊಟ್ಟು, ಆದರೆ ಅದರ ಗೋಡೆಯನ್ನು ಅಡಿಪಾಯದ ಮೇಲೂ ಕಿಟಕಿಯ ಕೆಳಗೂ ಮೇಲೂ ಸುತ್ತ ಬಿಗಿದುಕಟ್ಟುವ ಅಡ್ಡಪಟ್ಟಿಗಳನ್ನು ಕಡ್ಡಾಯಮಾಡಿತು. ಅನುದಾನದ ಮುಂದಿನ ಕಂತು ಬರಬೇಕಾದರೆ ಆ ಪಟ್ಟಿಗಳು ಗೋಡೆಯಲ್ಲಿವೆಯೆಂದು ಎಂಜಿನಿಯರನು ಖುದ್ದಾಗಿ ಬಂದು ಪರಿಶೀಲಿಸಬೇಕಾಗಿತ್ತು.